ಲಾನಿಯಸ್: ಸುಮ್ಮನೆ ಇಟ್ಟ ಹೆಸರಲ್ಲ

ನನ್ನ ಬರಹ ಓದಿ, ವಿಡಿಯೊ ಗೇಮ್‌ನ ಖಳ ಲಾನಿಯಸ್‌ನ ಹೆಸರಿಗೆ ಲ್ಯಾಟಿನ್ ಮೂಲ ಹುಡುಕಲು ನಾನು ಒಂದು ಪುಟ ವ್ಯರ್ಥ ಮಾಡಿದೆ, ಕೊನೆಗೆ ‘ಅಸ್’ ಸೇರಿಸಿದರೆ ಯಾವ ಹೆಸರೂ ರೋಮನ್ ಆಗುತ್ತದೆ ಎಂದು ನೀವು ಬರೆದಿದ್ದೀರಿ. ‘ಅಸ್’ ಅಂಟಿಸಿ ಗಾಂಭೀರ್ಯ ಸಂಪಾದಿಸುವ ಆಟಗಳು ಬೇಕಾದಷ್ಟಿವೆ, ಒಪ್ಪಿದೆ. ಆದರೆ ಲಾನಿಯಸ್‌ನನ್ನು ಆ ಸಾಲಿಗೆ ಸೇರಿಸಲು ನಾನು ಬಿಡುವುದಿಲ್ಲ.

2010ರ ‘ಫಾಲ್‌ಔಟ್: ನ್ಯೂ ವೆಗಾಸ್’ನಲ್ಲಿ ಅಣುಯುದ್ಧದಿಂದ ಹಾಳಾದ ಅಮೆರಿಕದ ಮರುಭೂಮಿಗೆ ರೋಮನ್ನರನ್ನು ಅನುಕರಿಸುವ ಪಡೆಯೊಂದು ನುಗ್ಗುತ್ತದೆ. ಮುಖವಾಡ ತೊಟ್ಟ ಲಾನಿಯಸ್ ಅದರ ದಂಡನಾಯಕ. ಸೋತ ತನ್ನದೇ ತುಕಡಿಯ ಹತ್ತನೆಯ ಒಂದು ಭಾಗವನ್ನು ಉಳಿದವರ ಕೈಯಿಂದಲೇ ಕೊಲ್ಲಿಸಿದವನೆಂದು ಅವನ ಖ್ಯಾತಿ. ಲ್ಯಾಟಿನ್‌ನಲ್ಲಿ ‘ಲಾನಿಯಸ್’ ಎಂದರೆ ಕಟುಕ. ಪ್ರಾಚೀನ ರೋಮ್‌ನ ಇತಿಹಾಸಕಾರ ಲಿವಿ ಹೇಳುವ ವರ್ಜೀನಿಯಾಳ ಕಥೆ ಓದಿ ನೋಡಿ. ಅಧಿಕಾರಸ್ಥನ ಕೈಗೆ ಸಿಗಲಿದ್ದ ಮಗಳನ್ನು ತಂದೆಯೇ ಕೊಲ್ಲುತ್ತಾನೆ. ಅದಕ್ಕೆ ಅವನು ಚೂರಿ ಕಸಿದುಕೊಳ್ಳುವುದು ಅಂಗಡಿ ಸಾಲಿನ ಒಬ್ಬ ಲಾನಿಯಸ್‌ನಿಂದ. ಕೀಟ, ಹಲ್ಲಿಗಳನ್ನು ಹಿಡಿದು ಮುಳ್ಳಿಗೆ ಚುಚ್ಚಿಡುವ ಶ್ರೈಕ್ ಹಕ್ಕಿಗಳ ಕುಲಕ್ಕೂ 1758ರಲ್ಲಿ ಜೀವವಿಜ್ಞಾನಿ ಲಿನೇಯಸ್ ಇದೇ ಹೆಸರಿಟ್ಟ. ಕಟುಕನ ಕೆಲಸ ಮಾಡುವವನಿಗೆ ಕಟುಕನ ಹೆಸರು: ಇದರಲ್ಲಿ ಆಕಸ್ಮಿಕ ಎಲ್ಲಿದೆ?

ಅರ್ಥ ತಿಳಿಯದವರಿಗೂ ಅವನು ಭಯ ಹುಟ್ಟಿಸುತ್ತಾನೆ, ನಿಜ. ತಿಳಿದವರಿಗೆ ಸಿಗುವುದು ಬೇರೆಯೇ. ಕಿವಿಗೊಟ್ಟು ಕೇಳಿ: ಆ ಪಡೆಯವರು ಲಾನಿಯಸ್‌ಗೂ ಮೇಲಿನ ತಮ್ಮ ನಾಯಕನನ್ನು ‘ಕೈಸರ್’ ಎನ್ನುತ್ತಾರೆ, ಶತ್ರುಗಳು ‘ಸೀಸರ್’ ಎನ್ನುತ್ತಾರೆ. ಪ್ರಾಚೀನ ರೋಮ್‌ನಲ್ಲಿ ಉಚ್ಚಾರವಿದ್ದದ್ದು ‘ಕ’ಕಾರದಿಂದಲೇ. ಹಳೆಯ ಪುಸ್ತಕಗಳನ್ನು ಓದಿ ಸಾಮ್ರಾಜ್ಯ ಕಟ್ಟಿದ ಆ ನಾಯಕ ಉಚ್ಚಾರವನ್ನೂ ಕಲಿಸಿದ್ದಾನೆ. ಬಾಯಿ ತೆರೆದ ಕೂಡಲೇ ಯಾರು ಯಾವ ಪಕ್ಷವೆಂದು ಗೊತ್ತಾಗುತ್ತದೆ. ಎಷ್ಟು ಕಾದಂಬರಿಗಳು ಇಷ್ಟು ಎಚ್ಚರ ವಹಿಸುತ್ತವೆ, ಹೇಳಿ!

ನನ್ನ ಬೇಸರ ನಿಮ್ಮೊಬ್ಬರ ಮೇಲಲ್ಲ. ಕಾವ್ಯದ ಪಾತ್ರದ ಹೆಸರಿಗೆ ಪುಟಗಟ್ಟಲೆ ಟಿಪ್ಪಣಿ ಬರೆಯುವ ಪಂಡಿತರು ಆಟವೆಂದ ಕೂಡಲೇ ಮುಖ ತಿರುಗಿಸುತ್ತಾರೆ. ಪತ್ರಿಕೆಗಳಿಗೆ ವಿಡಿಯೊ ಗೇಮ್ ಎಂದರೆ ವ್ಯಸನದ ಸುದ್ದಿ ಮಾತ್ರ. ವಿಭಕ್ತಿಗಳ ಪಟ್ಟಿ ಬಾಯಿಪಾಠ ಮಾಡಿಸಿ ಲ್ಯಾಟಿನ್ ಎಂದರೆ ಓಡುವಂತೆ ಮಾಡಿದ ಮೇಷ್ಟರುಗಳೇ, ಹುಡುಗರು ಆಟದ ನೆಪದಲ್ಲಿ ನಿಘಂಟು ತೆರೆದರೆ ಗೊಣಗುತ್ತಾರೆ. ಇದು ಯಾವ ನ್ಯಾಯ?

ಅದೇ ಆಟದ ಬೇಹುಗಾರ ‘ವಲ್ಪೆಸ್ ಇನ್‌ಕಲ್ಟಾ’ನ ಹೆಸರನ್ನು, ಅವನು ಗಂಡಸಾದ್ದರಿಂದ, ‘ಇನ್‌ಕಲ್ಟಸ್’ ಎಂದು ತಿದ್ದಬೇಕು ಎಂದೂ ಸೂಚಿಸಿದ್ದೀರಿ. ವ್ಯಾಕರಣದ ಮೇಲಿನ ನಿಮ್ಮ ಕಾಳಜಿ ನನಗೆ ಹಿಡಿಸಿತು. ಆದರೆ ವಲ್ಪೆಸ್ ಎಂದರೆ ನರಿ. ಲ್ಯಾಟಿನ್‌ನಲ್ಲಿ ಅದು ಸ್ತ್ರೀಲಿಂಗ ಪದ. ಹೆಸರು ಹೊತ್ತವನು ಗಂಡಸೇ ಆದರೂ ‘ಇನ್‌ಕಲ್ಟಾ’ ಎಂಬ ವಿಶೇಷಣ ಹೋಗುವುದು ನರಿಯ ಹಿಂದೆ. ಬರೆದವರು ಲ್ಯಾಟಿನ್ ಬಲ್ಲವರೇ. ದಯವಿಟ್ಟು ತಿದ್ದಬೇಡಿ.