ಕೂಲ್ ಅಂಡ್ ದ ಗ್ಯಾಂಗ್ ದಾರಿ ಬದಲಿಸಿದ್ದು ಯಾಕೆ?

ಪ್ರಶ್ನೆ: ಪಾರ್ಟಿಗಳಲ್ಲಿ ಕೂಲ್ ಅಂಡ್ ದ ಗ್ಯಾಂಗ್ ಅನ್ನೋ ಸಂಗೀತ ತಂಡದ ‘ಸೆಲೆಬ್ರೇಷನ್’ ಹಾಡು ಕೇಳಿ ಕೇಳಿ ಸಾಕಾಗಿದೆ. ಮೊನ್ನೆ ಅದೇ ತಂಡದ ‘ಜಂಗಲ್ ಬೂಗಿ’ ಕೇಳಿದೆ. ಎರಡೂ ಒಬ್ಬರದ್ದೇ ಅಂತ ನಂಬೋಕೇ ಆಗಲಿಲ್ಲ. ದುಡ್ಡಿಗೋಸ್ಕರ ಫಂಕ್, ಅಂದರೆ ತಾಳವೇ ಮುಖ್ಯವಾದ ಆ ಹಳೆಯ ಸಂಗೀತ, ಬಿಟ್ಟರಾ?

ಉತ್ತರ: ದುಡ್ಡೂ ಒಂದು ಕಾರಣವೇ, ಮುಚ್ಚಿಡುವುದೇನಿದೆ? ಆದರೆ ಬರೀ ದುಡ್ಡಲ್ಲ.

ಈ ಹುಡುಗರು ಶುರು ಮಾಡಿದ್ದು ಜಾಝ್‌ನಿಂದ. 1964ರಲ್ಲಿ, ಅಮೆರಿಕದ ಜೆರ್ಸಿ ಸಿಟಿಯಲ್ಲಿ. ಅಣ್ಣ ರಾಬರ್ಟ್ ‘ಕೂಲ್’ ಬೆಲ್ ಬಾಸ್ ಗಿಟಾರ್, ತಮ್ಮ ರೊನಾಲ್ಡ್ ಸ್ಯಾಕ್ಸೊಫೋನ್, ಜತೆಗೆ ನೆರೆಹೊರೆಯ ಗೆಳೆಯರು. ಮೊದಲ ಹೆಸರು ಜಾಝಿಯಾಕ್ಸ್. ಆಮೇಲೆ ಒಂದೆರಡು ಹೆಸರು ಬದಲಾಗಿ ‘ಕೂಲ್ ಅಂಡ್ ದ ಫ್ಲೇಮ್ಸ್’ ಆಯಿತು. ಆಗಿನ ಹೆಸರಾಂತ ಗಾಯಕ ಜೇಮ್ಸ್ ಬ್ರೌನ್ ಜತೆಗಿದ್ದವರು ‘ಫೇಮಸ್ ಫ್ಲೇಮ್ಸ್’. ಗೊಂದಲ ಬೇಡ ಅಂತ 1969ರ ಹೊತ್ತಿಗೆ ಫ್ಲೇಮ್ಸ್ ಹೋಗಿ ಗ್ಯಾಂಗ್ ಬಂತು.

ಆಗ ಇವರಲ್ಲಿ ಮುಖ್ಯ ಗಾಯಕ ಅಂತ ಯಾರೂ ಇರಲಿಲ್ಲ. ತುತ್ತೂರಿ, ಸ್ಯಾಕ್ಸೊಫೋನ್‌ಗಳೇ ಹಾಡುತ್ತಿದ್ದವು ಅನ್ನಿ. 1973ರಲ್ಲಿ ‘ಸೋಲ್ ಮಕೋಸಾ’ ಎಂಬ ಆಫ್ರಿಕನ್ ಹಾಡು ಜೋರಾಗಿ ಓಡುತ್ತಿತ್ತು. ಅದನ್ನೇ ನೀವೂ ನುಡಿಸಿ ಅಂತ ಇವರಿಗೆ ಒತ್ತಾಯ ಬಂತು. ಇವರು ಒಪ್ಪಲಿಲ್ಲ. ನಾವೇ ಹೊಸದು ಮಾಡ್ತೀವಿ ಅಂತ ಕೂತು ‘ಫಂಕಿ ಸ್ಟಫ್’, ‘ಜಂಗಲ್ ಬೂಗಿ’, ‘ಹಾಲಿವುಡ್ ಸ್ವಿಂಗಿಂಗ್’ ಕಟ್ಟಿದರು. ಮೂರೂ ಗೆದ್ದವು. ‘ಜಂಗಲ್ ಬೂಗಿ’ಯಲ್ಲಿ ಆ ಗೊಗ್ಗರು ದನಿ ಇದೆಯಲ್ಲ, ಅದು ತಂಡದ ಸಾಮಾನು ಹೊತ್ತು ಸ್ಟೇಜ್ ಕೆಲಸ ನೋಡುತ್ತಿದ್ದ ಡಾನ್ ಬಾಯ್ಸ್‌ದು! ಗಾಯಕ ಯಾರು ಅನ್ನೋದು ಅವರಿಗೆ ದೊಡ್ಡ ವಿಷಯವೇ ಆಗಿರಲಿಲ್ಲ, ಅಲ್ವಾ?

ಮುಂದೆ ಡಿಸ್ಕೊ ಬಂತು. ಇವರ ರೆಕಾರ್ಡ್‌ಗಳ ಮಾರಾಟ ಇಳಿಯಿತು. 1977ರ ‘ಸ್ಯಾಟರ್ಡೇ ನೈಟ್ ಫೀವರ್’ ಸಿನಿಮಾದ ಆಲ್ಬಮ್‌ನಲ್ಲಿ ಇವರದೂ ಒಂದು ಹಾಡಿತ್ತು. ಆದರೂ ತಂಡದ ಕೈ ಹಿಡಿಯಲಿಲ್ಲ. 1979ರಲ್ಲಿ ಎರಡು ಬದಲಾವಣೆ ಒಟ್ಟಿಗೇ ಆದವು. ಬ್ರೆಜಿಲ್‌ನ ಯುಮಿರ್ ದೆಯೊದಾತೊ ನಿರ್ಮಾಪಕನಾಗಿ ಬಂದ. ಜೆ.ಟಿ. ಟೇಲರ್ ಗಾಯಕನಾಗಿ ಸೇರಿಕೊಂಡ. ‘ಲೇಡೀಸ್ ನೈಟ್’ ಹಿಟ್ ಆಯಿತು. ಮರುವರ್ಷವೇ ‘ಸೆಲೆಬ್ರೇಷನ್’. ಅದು 1981ರ ಫೆಬ್ರವರಿಯಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಪಾಪ್ ಪಟ್ಟಿಯಲ್ಲಿ ಇವರು ಅಲ್ಲಿಗೆ ಮುಟ್ಟಿದ್ದು ಅದೊಂದೇ ಸಲ.

‘ಜಂಗಲ್ ಬೂಗಿ’, ‘ಸೆಲೆಬ್ರೇಷನ್’ ಎರಡನ್ನೂ ಒಂದರ ಹಿಂದೊಂದು ಹಾಕಿ ಕೇಳಿ. ಹಳೆಯದರಲ್ಲಿ ತುತ್ತೂರಿಗಳೇ ಹಾಡಿನ ಕತ್ತಿನ ಪಟ್ಟಿ ಹಿಡಿದು ಎಳೆದುಕೊಂಡು ಹೋಗುತ್ತವೆ. ಹೊಸದರಲ್ಲಿ ಟೇಲರ್ ಸಾಲು ಮುಗಿಸಿದ ಮೇಲೆ ಒಂದು ಮಾತು ಸೇರಿಸಿ ಸುಮ್ಮನಾಗುತ್ತವೆ. ನುಡಿಸಿದವರು ಬಹುಪಾಲು ಅವರೇ, ಜಾಗ ಬದಲಾಗಿದೆ ಅಷ್ಟೇ. ನನ್ನ ಮನಸ್ಸು ಹಳೆಯದರ ಕಡೆಗೇ. ಹಾಗಂತ ಹೊಸದನ್ನು ಬರೀ ಮಾರಾಟದ ಸರಕು ಅನ್ನಲಾರೆ. ದೇವರು ಆದಮನನ್ನು ಸೃಷ್ಟಿಸಿದಾಗ ದೇವದೂತರು ಕೊಂಡಾಡಿದ ಕಥೆಯನ್ನು ಕುರಾನ್‌ನಲ್ಲಿ ಓದಿ ಈ ಹಾಡು ಹೊಳೆಯಿತು ಅಂತ ರೊನಾಲ್ಡ್ ಹೇಳಿದ್ದಾನೆ. ಪಾರ್ಟಿಯಲ್ಲಿ ಕುಣಿಯುವವರಿಗೆ ಇದೆಲ್ಲ ಎಲ್ಲಿ ಗೊತ್ತಿರುತ್ತೆ!

ಟೇಲರ್ 1988ರಲ್ಲಿ ಹೊರಟುಹೋದ. ಆ ಮಟ್ಟದ ಹಿಟ್ ಮತ್ತೆ ಬರಲಿಲ್ಲ.

ಪ್ರಶ್ನೆ: ಹಾಗಾದರೆ ತಂಡ ಇಷ್ಟು ವರ್ಷ ಉಳಿದದ್ದು ಹೇಗೆ?

ಉತ್ತರ: ನಿಮಗೆ ಇಷ್ಟವಾದ ಆ ಹಳೆಯ ಸಂಗೀತವೇ ಕಾಪಾಡಿತು. ಹಿಪ್‌ಹಾಪ್‌ನವರು ಅದರ ತುಣುಕುಗಳನ್ನು ಎತ್ತಿ ತಮ್ಮ ಹಾಡಿಗೆ ಜೋಡಿಸಿಕೊಂಡರು. ನಟ ವಿಲ್ ಸ್ಮಿತ್ ರ್‍ಯಾಪರ್ ಆಗಿದ್ದಾಗ, 1991ರಲ್ಲಿ, ‘ಸಮರ್‌ಟೈಮ್’ ಎಂಬ ಹಿಟ್ ಕೊಟ್ಟ. ಅದರ ಬುನಾದಿ ಇವರ 1974ರ ‘ಸಮರ್ ಮ್ಯಾಡ್‌ನೆಸ್’. 1994ರಲ್ಲಿ ‘ಪಲ್ಪ್ ಫಿಕ್ಷನ್’ ಸಿನಿಮಾ ‘ಜಂಗಲ್ ಬೂಗಿ’ಗೆ ಹೊಸ ಕೇಳುಗರನ್ನು ತಂದಿತು. ರೊನಾಲ್ಡ್ 2020ರಲ್ಲಿ ತೀರಿಕೊಂಡ. 2024ರಲ್ಲಿ ತಂಡಕ್ಕೆ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಸಿಕ್ಕಿತು. ಜಾಸ್ತಿಯೇ ತಡವಾಯಿತು.

ನೀವು ಮುಂದೆ ‘ಸಮರ್ ಮ್ಯಾಡ್‌ನೆಸ್’ ಕೇಳಿ, ಹೆಡ್‌ಫೋನ್ ಹಾಕಿಕೊಂಡು. ಸಿಂಥಸೈಸರ್ ಎಂಬ ಎಲೆಕ್ಟ್ರಾನಿಕ್ ವಾದ್ಯದ ಒಂದು ಸ್ವರ ಮೇಲಕ್ಕೆ ಜಾರುತ್ತಾ ಹೋಗುತ್ತದೆ, ಅಲ್ಲಿ ಕಿವಿ ಇಡಿ.