ಯೂರಿಯಾ ಮೂಟೆ ಬಚ್ಚಲಲ್ಲೇ ಇದೆ

ಪತ್ರ: ಮಗಳ ಮನೆ ಅಮೆರಿಕದ ಕೇಪ್ ಕಾಡ್‌ನಲ್ಲಿ, ಫಾಲ್ಮತ್ ಎಂಬ ಊರು. ಮೂರು ತಿಂಗಳು ಇದ್ದು ಬಂದೆ. ಅಲ್ಲಿ ಸೆಪ್ಟಿಕ್ ಟ್ಯಾಂಕಿನ ಸಾರಜನಕ ಕಡಲು ಸೇರುತ್ತದಂತೆ. ಅದನ್ನು ತಡೆಯುವ ಹೊಸ ಟ್ಯಾಂಕ್ ಹಾಕಿಸಬೇಕಾದೀತು, 30 ಸಾವಿರ ಡಾಲರ್ ಆದೀತು ಎಂದು ಅಳಿಯಂದಿರಿಗೆ ಚಿಂತೆ. ಕಡಲು ನೋಡಿದರೆ ಕನ್ನಡಿ ಹಾಗಿದೆ! ಇದೆಲ್ಲ ಅತಿ ಅಲ್ಲವೇ? ಊರಿಗೆಲ್ಲ ಒಳಚರಂಡಿ ಹಾಕಿದರೆ ಅಲ್ಲಿಗೂ ಆಯಿತು, ನಮ್ಮ ಕುಂದಾಪುರಕ್ಕೂ ಆಯಿತು. ಇನ್ನೊಂದು ಮಾತು: ನಮ್ಮ ಹಿತ್ತಿಲ ಎಳೆ ತೆಂಗು ಹಳದಿಗಟ್ಟಿದೆ. ಯೂರಿಯಾ ಹಾಕಲೇ?
– ನಿವೃತ್ತ ಶಿಕ್ಷಕರು, ಕುಂದಾಪುರ

ಸಂಪಾದಕರ ಉತ್ತರ:

ಮಾಸ್ಟ್ರೇ, ಮಗಳ ಮನೆಗೆ ಹೋದವರು ಸಾಮಾನ್ಯವಾಗಿ ನಯಾಗರದ ಫೋಟೊ ಕಳಿಸುತ್ತಾರೆ. ನೀವು ಸೆಪ್ಟಿಕ್ ಟ್ಯಾಂಕಿನ ವಿಷಯ ಬರೆದಿರಿ. ಅದಕ್ಕೇ ನಿಮ್ಮ ಪತ್ರಕ್ಕೆ ಇಷ್ಟು ಜಾಗ.

ಮೊದಲು ಆ ಕನ್ನಡಿಯ ಮಾತು. ಮೇಲಿಂದ ಕಂಡದ್ದನ್ನು ನಂಬಿಬಿಟ್ಟಿರಲ್ಲ, ಇಷ್ಟು ವರ್ಷ ಪಾಠ ಮಾಡಿದವರು! ಕೇಪ್ ಕಾಡ್ ಅಂದರೆ ಮರಳಿನ ನೆಲ. ಹೆಚ್ಚಿನ ಮನೆಗಳಿಗೆ ಒಳಚರಂಡಿ ಇಲ್ಲ, ಸೆಪ್ಟಿಕ್ ಟ್ಯಾಂಕೇ ಗತಿ. ಟ್ಯಾಂಕು ಗಟ್ಟಿಯಾದ್ದನ್ನು ಹಿಡಿದಿಟ್ಟುಕೊಳ್ಳುತ್ತದೆ. ನೀರಿನಲ್ಲಿ ಕರಗಿದ ಸಾರಜನಕವನ್ನು ಅದು ಹಿಡಿಯುವುದಿಲ್ಲ. ಅದು ಮರಳಲ್ಲಿ ಇಳಿದು, ನೈಟ್ರೇಟ್ ಆಗಿ, ಅಂತರ್ಜಲದ ಜೊತೆ ದಿನಕ್ಕೆ ಒಂದು ಅಡಿಯಷ್ಟು ನಡೆಯುತ್ತದೆ. ಇವತ್ತು ಹಿನ್ನೀರಿಗೆ ಬಂದು ಸೇರುತ್ತಿರುವುದರಲ್ಲಿ ಎಷ್ಟೋ ಪಾಲು ಹಿಂದಿನ ತಲೆಮಾರಿನವರು ಬಿಟ್ಟದ್ದು. ಅದನ್ನು ಉಂಡು ಪಾಚಿ ಕೊಬ್ಬುತ್ತದೆ, ನೀರಡಿಯ ಹುಲ್ಲಿಗೆ ಬಿಸಿಲು ತಪ್ಪುತ್ತದೆ. ಪಾಚಿ ಕೊಳೆತರೆ ಆಮ್ಲಜನಕ ಖಾಲಿ. ಮೀನುಮರಿಗಳು ಬೆಳೆಯುವುದೇ ಆ ಹುಲ್ಲಿನ ನಡುವೆ. ಸ್ಕಾಲಪ್ ಎಂಬ ಚಿಪ್ಪುಜೀವಿಗೂ ಅದೇ ಆಸರೆ. ನಮ್ಮಲ್ಲಿ ಮರುವಾಯಿ ಚಿಪ್ಪು ಹೆಕ್ಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾಗಿ 2023ರಲ್ಲಿ, ಕೇಪ್ ಕಾಡ್ ಇರುವ ಮ್ಯಾಸಚೂಸೆಟ್ಸ್ ರಾಜ್ಯ ನಿಯಮ ತಂದಿತು. ಹಿನ್ನೀರಿಗೆ ಹರಿಯುವ ಸಾರಜನಕವನ್ನು ಹೇಗೆ ಇಳಿಸುತ್ತೇವೆ ಎಂದು ಊರೇ 20 ವರ್ಷದ ಯೋಜನೆ ಮಾಡಿ ಪರ್ಮಿಟ್ ಪಡೆಯಬೇಕು. ಊರು ಸುಮ್ಮನೆ ಕೂತರೆ ಮಾತ್ರ ಮನೆಮನೆಗೆ ಹೊಸ ಟ್ಯಾಂಕು. ಅಳಿಯಂದಿರು ಡಾಲರ್ ಎಣಿಸುವ ಮೊದಲು ಊರಿನ ಆಫೀಸಲ್ಲಿ ಒಂದು ಮಾತು ಕೇಳಲಿ.

ಇನ್ನು ನಿಮ್ಮ ಪೈಪು. ಪೇಟೆಯ ಒತ್ತೊತ್ತು ಮನೆಗಳಿಗೆ, ಹೋಟೆಲುಗಳಿಗೆ, ಆಸ್ಪತ್ರೆಗಳಿಗೆ ಒಳಚರಂಡಿ ಬೇಕೇ ಬೇಕು, ಒಪ್ಪಿದೆ. ಆದರೆ ಪೈಪು ಹಾಕಿದ ಮಾತ್ರಕ್ಕೆ ಸಾರಜನಕ ಹೋಗುವುದಿಲ್ಲ, ಜಾಗ ಬದಲಾಯಿಸುತ್ತದೆ ಅಷ್ಟೆ. ಕೊನೆಯಲ್ಲಿರುವ ಶುದ್ಧೀಕರಣ ಘಟಕ ಅದನ್ನು ತೆಗೆಯಬೇಕು. ಒಂದು ಊರಿನ ಯುಜಿಡಿ, ಅಂದರೆ ಒಳಚರಂಡಿ ಯೋಜನೆಯ ಸಭೆಯಲ್ಲಿ ನಾನು ಎದ್ದು ಕೇಳಿದ್ದೆ, "ಸಾರಜನಕ ಎಷ್ಟು ತೆಗೆಯುತ್ತೀರಿ?" ಎಂಜಿನಿಯರರು ದಪ್ಪ ಯೋಜನಾ ವರದಿ ತಿರುವಿ ಹಾಕಿ, "ಬಿಒಡಿ (ಕೊಳೆಯುವ ಕಲ್ಮಶದ ಅಳತೆ) ಇದೆ ಸರ್, ಅದೊಂದು ಇಲ್ಲ" ಎಂದರು. ಪಾಪ, ಅವರ ತಪ್ಪಲ್ಲ. ಇಂಥ ಘಟಕಗಳಿಗೆ ಕೇಂದ್ರ ಮಾಡಿದ 2015ರ ಕರಡು ನಿಯಮದಲ್ಲಿ ಸಾರಜನಕಕ್ಕೂ ಮಿತಿ ಇತ್ತು. 2017ರಲ್ಲಿ ಅಂತಿಮ ಅಧಿಸೂಚನೆ ಬಂದಾಗ ಅದು ಮಾಯ. 2019ರಲ್ಲಿ ಹಸಿರು ನ್ಯಾಯಮಂಡಳಿ, ಇಲ್ಲ, ಅದೂ ಬೇಕು ಎಂದಿತು. ಸಭೆ ಮುಗಿದ ಮೇಲೆ ಗೋಡಂಬಿ ಕೊಟ್ಟರು, ಅದು ಚೆನ್ನಾಗಿತ್ತು.

ಈಗ ನನ್ನ ಹುಚ್ಚಿಗೆ ಬರುತ್ತೇನೆ. ಓದುಗರಿಗೆ ಇದು ಹೊಸದಲ್ಲ. ಮನೆಯ ಕೊಳಚೆಯಲ್ಲಿರುವ ಸಾರಜನಕದಲ್ಲಿ ನೂರಕ್ಕೆ ಸುಮಾರು 80 ಪಾಲು ಮೂತ್ರದ್ದು. ನೀರಿನ ಲೆಕ್ಕದಲ್ಲಿ ಅದು ನೂರಕ್ಕೆ ಒಂದು ಪಾಲು. ಒಂದು ಚೊಂಬನ್ನು ನೂರು ಚೊಂಬಿನ ಹೊಲಸಿಗೆ ಬೆರೆಸಿ, ಆಮೇಲೆ ಕೋಟಿ ಸುರಿದು ಹೆಕ್ಕುವುದು ಯಾವ ಜಾಣತನ? ಮೊದಲೇ ಬೇರೆ ಹಿಡಿದರೆ ಆಯಿತಲ್ಲ. ಲೆಕ್ಕ ಹಾಕಿ. ಅಮೆರಿಕದವರ ಊಟಕ್ಕೆ ತಲೆಗೆ ವರ್ಷಕ್ಕೆ ಸುಮಾರು 4 ಕಿಲೋ ಸಾರಜನಕ ಹೀಗೆ ಹೋಗುತ್ತದೆ. ಗಂಜಿ-ಸಾರಿನ ನಾವು ಎರಡೂವರೆ ಅನ್ನಿ. 45 ಕಿಲೋ ಯೂರಿಯಾ ಮೂಟೆಯಲ್ಲಿ ಇರುವ ಸಾರಜನಕ 20 ಕಿಲೋ ಚಿಲ್ಲರೆ. ಎಂಟು ಜನರ ಮನೆಗೆ ವರ್ಷಕ್ಕೊಂದು ಮೂಟೆ!

ಸುಮ್ನೆ ಹೇಳುತ್ತಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಜಿಕೆವಿಕೆಯವರು ಬಾಳೆಗೂ ಮೆಕ್ಕೆಜೋಳಕ್ಕೂ ಮೂತ್ರ ಹಾಕಿ ನೋಡಿದ್ದಾರೆ. ಅಮೆರಿಕದ ವರ್ಮಾಂಟ್‌ನಲ್ಲಿ ರಿಚ್ ಅರ್ತ್ ಇನ್‌ಸ್ಟಿಟ್ಯೂಟ್ ಮನೆಗಳಿಂದ ಸಂಗ್ರಹಿಸಿ ಹುಲ್ಲುಗಾವಲಿಗೆ ಕೊಡುತ್ತದೆ. ನಿಮ್ಮ ಫಾಲ್ಮತ್‌ನಲ್ಲೇ ಮೂತ್ರ ಬೇರೆ ಹಿಡಿಯುವಂಥ ಶೌಚಾಲಯಕ್ಕೆ ಸಹಾಯಧನ ಇಟ್ಟಿದ್ದರು. ಮುಂದೆ ಬಂದವರು ಬೆರಳೆಣಿಕೆ. ಮೂಗು ಮುರಿಯುವುದಕ್ಕೆ ದೇಶಭೇದ ಇಲ್ಲ ನೋಡಿ. ಗೋಮೂತ್ರಕ್ಕೆ ಕೈ ಮುಗಿಯುವ ನಾವು ನಮ್ಮದಕ್ಕೆ ಮುಖ ಸಿಂಡರಿಸುತ್ತೇವೆ.

ನನ್ನಜ್ಜಿಗೆ ಸಾರಜನಕ ಅಂದರೇನು ಗೊತ್ತಿರಲಿಲ್ಲ. ಆದರೆ ಬಚ್ಚಲ ನೀರಿಗೆ ಅಡಿಕೆ ಹಾಳೆ ಕಟ್ಟಿ, ಒಂದು ದಿನ ಬಾಳೆಗೆ, ಒಂದು ದಿನ ಕೆಸುವಿಗೆ ತಿರುಗಿಸುತ್ತಿದ್ದಳು. ಮನೆಮಕ್ಕಳು ರಾತ್ರಿ ಹೊರಗೆ ಹೋಗುವುದಾದರೆ "ತೆಂಗಿನ ಬುಡಕ್ಕೆ ಹೋಗಿ" ಎನ್ನುತ್ತಿದ್ದಳು. ಈಗ ಅದೇ ಜಾಗದಲ್ಲಿ ಇಂಟರ್‌ಲಾಕ್ ಹಾಸಿದ್ದೇವೆ. ಬಚ್ಚಲೂ ಕಕ್ಕಸೂ ಒಂದೇ ಪಿಟ್ಟಿಗೆ. ಸುತ್ತ ಮುರಕಲ್ಲು, ಜರಡಿಯಂಥದ್ದು. ಆ ಕಡೆ ಬಾವಿ. ಕಳೆದ ವರ್ಷ ನಮ್ಮ ಬಾವಿ ನೀರು ಪರೀಕ್ಷೆಗೆ ಕೊಟ್ಟಾಗ ನೈಟ್ರೇಟ್ ಮಿತಿ ದಾಟಿತ್ತು. ಸಂಪಾದಕೀಯ ಬರೆಯುವವನ ಮನೆಯದೇ ಈ ಕತೆ. ಅದಾದ ಮೇಲೆ ಹಿತ್ತಿಲಿಗೆ ಹೋಗಲು ನಾಚಿಕೆ ಬಿಟ್ಟಿದ್ದೇನೆ, ಮನೆಯವಳ ಬೈಗುಳ ಬೇರೆ ವಿಷಯ.

ನಮ್ಮ ಯೋಜನೆಗಳಿಗೆ ಶಂಕುಸ್ಥಾಪನೆಯ ಕಲ್ಲು ಬೇಕು. ಕೊಳಚೆ ಪಂಪು ಮಾಡುವ ವೆಟ್‌ವೆಲ್ ಬಾವಿ ಕಟ್ಟಿದರೆ ಕಲ್ಲು ನೆಡಬಹುದು, ರಿಬ್ಬನ್ ಕತ್ತರಿಸಬಹುದು. ಮೂತ್ರ ಹಿಡಿಯುವ ಒಂದು ಕೊಡಪಾನಕ್ಕೆ ಯಾವ ಮಂತ್ರಿ ರಿಬ್ಬನ್ ಕತ್ತರಿಸುತ್ತಾರೆ?

ನಿಮ್ಮ ತೆಂಗಿನ ವಿಷಯ. ಹಳದಿಗೆ ಕಾರಣ ಹತ್ತಾರು ಇರುತ್ತವೆ. ಮೊದಲು ಬುಡದಲ್ಲಿ ನೀರು ನಿಲ್ಲುತ್ತದಾ ನೋಡಿ. ಇಲ್ಲವಾದರೆ ಯೂರಿಯಾಗೆ ದುಡ್ಡು ಕೊಡಬೇಡಿ. ಒಂದು ಪಾಲು ಮೂತ್ರಕ್ಕೆ ಎಂಟು ಪಾಲು ನೀರು ಬೆರೆಸಿ, ಸಂಜೆ ಹೊತ್ತು, ಬುಡದಿಂದ ಒಂದು ಮಾರು ದೂರ ಸುತ್ತಲೂ ಹಾಕಿ. ಬಾವಿ ಇರುವ ಕಡೆ ಬೇಡ.