ಓದುಗರ ಪ್ರಶ್ನೆ: ತರಗತಿಯಲ್ಲಿ ಜಾಗ, ಪಾಠದಲ್ಲಿ ಪಾಲು

ಪ್ರಶ್ನೆ: ನಮ್ಮ ಮಗಳಿಗೆ ಈಗ 7 ವರ್ಷ. ಎಡಗೈ, ಎಡಗಾಲಿನಲ್ಲಿ ಬಲ ಕಡಿಮೆ; ಮಾತು ಸ್ಪಷ್ಟವಿಲ್ಲ, ಆದರೆ ನಾವು ಹೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತದೆ. ಹತ್ತಿರದ ಕನ್ನಡ ಶಾಲೆಯಲ್ಲಿ ಕೇಳಿದಾಗ “ಕರೆತನ್ನಿ, ಕುಳಿತಿರಲಿ” ಎಂದರು. ಬಂಧುಗಳು ಪಂಚಾಯತಿನ ವಿಶೇಷ ಶಾಲೆಯಾದ ಬಡ್ಸ್ ಶಾಲೆಯೇ ಸರಿ ಎನ್ನುತ್ತಾರೆ. ಎಲ್ಲರನ್ನೂ ಒಳಗೊಳ್ಳುವ ಶಿಕ್ಷಣ ಎಂಬ ಮಾತನ್ನು ಎಲ್ಲೆಡೆ ಕೇಳುತ್ತೇವೆ. ಅದರ ಅರ್ಥವೇನು, ನಾವು ಯಾವುದನ್ನು ಆರಿಸಬೇಕು?
– ಒಬ್ಬ ತಾಯಿ, ಪೆರ್ಲ

ಉತ್ತರ: ಮೊದಲು ಕಾನೂನಿನ ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ, ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವಿದೆಯೆಂದು ದೃಢಪಟ್ಟ 6ರಿಂದ 18 ವರ್ಷದ ಮಕ್ಕಳಿಗೆ ನೆರೆಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಕಲಿಯುವ ಹಕ್ಕಿದೆ, ಮತ್ತು ಆಯ್ಕೆ ಮಗುವಿನ ಕಡೆಯದೇ ಹೊರತು ಶಾಲೆಯದಲ್ಲ. ವೈದ್ಯಕೀಯ ಪ್ರಮಾಣಪತ್ರ ಇನ್ನೂ ಆಗಿಲ್ಲದಿದ್ದರೆ ಅದನ್ನು ಮೊದಲು ಮಾಡಿಸಿಕೊಳ್ಳಿ.

“ಕುಳಿತಿರಲಿ” ಎಂಬ ಮಾತು ನನ್ನನ್ನು ಕಾಡುತ್ತಿದೆ. ಹೇಳಿದವರ ಮನಸ್ಸು ಒಳ್ಳೆಯದೇ ಇರಬೇಕು, ಬಾಗಿಲು ಮುಚ್ಚದೆ ತೆರೆದಿದ್ದಾರೆ. ಆದರೆ ಮಕ್ಕಳು ಶಾಲೆಗೆ ಹೋಗುವುದು ಕುಳಿತಿರಲಿಕ್ಕಲ್ಲ, ಕಲಿಯಲಿಕ್ಕೆ. ಒಳಗೊಳ್ಳುವುದೆಂದರೆ ಮಗು ತರಗತಿಗೆ ಹೊಂದಿಕೊಳ್ಳಲಿ ಎಂದು ಕಾಯುವುದಲ್ಲ, ಮಗುವಿಗೆ ಬೇಕಾದಷ್ಟು ತರಗತಿಯೇ ಬದಲಾಗುವುದು. ಮಧ್ಯಾಹ್ನದ ಊಟವನ್ನೇ ನೋಡಿ. ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲಲು ನಿಮ್ಮ ಮಗಳಿಗೆ ಕಷ್ಟವಾದೀತು ಎಂದು ಯಾರಾದರೂ ಅವಳ ಬೆಂಚಿಗೇ ಅನ್ನ ತಂದುಕೊಟ್ಟರೆ ಅದು ಕರುಣೆ, ಆದರೆ ದಿನವೂ ಹಾಗೆಯೇ ನಡೆದರೆ ಊಟದ ಹೊತ್ತಿನ ಹರಟೆ, ತಳ್ಳಾಟ, ಗೆಳೆತನ ಯಾವುದೂ ಅವಳದಾಗುವುದಿಲ್ಲ. ಇನ್ನೊಬ್ಬಳು ಅವಳ ತಟ್ಟೆಯನ್ನೂ ಹಿಡಿದು ಅವಳ ಪಕ್ಕದಲ್ಲೇ ಸಾಲಿನಲ್ಲಿ ನಿಲ್ಲಲಿ. ಐದು ನಿಮಿಷ ಹೆಚ್ಚಾದರೂ ಪರವಾಗಿಲ್ಲ.

ನಮ್ಮ ಗಡಿನಾಡು ಕಾಸರಗೋಡಿನಲ್ಲಿ ಇದಕ್ಕೆ ಇನ್ನೊಂದು ಮುಖವಿದೆ, ಅದರ ಬಗ್ಗೆ ಯಾರೂ ಹೆಚ್ಚು ಬರೆಯುವುದಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ತಪಾಸಣಾ ಶಿಬಿರದಲ್ಲಿ ನಾನು ಕಂಡದ್ದು ಹೀಗೆ. ತಜ್ಞೆ ಒಬ್ಬ ಪುಟ್ಟ ಹುಡುಗನ ಮುಂದೆ ನಾಲ್ಕು ಚಿತ್ರಗಳನ್ನು ಹರಡಿ ಮಲಯಾಳದಲ್ಲಿ “ಪೂಚ್ಚ ಎವಿಡೆ?” ಎಂದು ಕೇಳಿದರು. ಹುಡುಗ ಅವರ ಮುಖವನ್ನೇ ನೋಡುತ್ತ ಕುಳಿತ. ಎರಡನೇ ಸಲ ಕೇಳಿದರೂ ಹಾಗೆಯೇ. ಅವರ ಪೆನ್ನು “ಗುರುತಿಸುವುದಿಲ್ಲ” ಎಂಬ ಅಂಕಣದತ್ತ ಸರಿಯಿತು. ಆಗ ಹಿಂದೆ ನಿಂತಿದ್ದ ಅಜ್ಜಿ ಮೆಲ್ಲನೆ “ಬೆಕ್ಕು ಎಲ್ಲಿದೆ ಮಗಾ?” ಎಂದರು. ಹುಡುಗನ ಬೆರಳು ನೇರವಾಗಿ ಬೆಕ್ಕಿನ ಮೇಲೆ ಹೋಗಿ ಕುಳಿತಿತು. ಆ ತಜ್ಞೆ ಶ್ರದ್ಧೆಯಿಂದ ಕೆಲಸ ಮಾಡುವವರು, ತಕ್ಷಣ ಬರೆದದ್ದನ್ನು ಅಳಿಸಿದರು. ಆದರೆ ಅಜ್ಜಿ ಅಂದು ಜೊತೆಗೆ ಬಾರದೆ ಇದ್ದಿದ್ದರೆ, ಆ ಒಂದು ಗುರುತು ಆ ಹುಡುಗನ ಕಡತದಲ್ಲಿ ವರ್ಷಗಟ್ಟಲೆ ಉಳಿಯುತ್ತಿತ್ತು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ, ಕಚೇರಿಯ ಕಿಟಕಿಯ ಮುಂದೆ ಓದಲು ಬಾರದ ಅರ್ಜಿಯನ್ನು ಕೈಯಲ್ಲಿ ಹಿಡಿದು ನಿಂತ ಅನುಭವ ನಮ್ಮ ಎಷ್ಟೋ ಮನೆಗಳಲ್ಲಿದೆ. ನಮಗೆ ಬುದ್ಧಿ ಕಡಿಮೆ ಇರಲಿಲ್ಲ, ಅರ್ಜಿ ನಮ್ಮ ಭಾಷೆಯಲ್ಲಿರಲಿಲ್ಲ. ನಿಮ್ಮ ಮಗಳ ಸ್ಥಿತಿಯನ್ನು ಅರಿಯಲು ನಮಗೆ ಈ ನೆನಪಿಗಿಂತ ಬೇರೆ ಪಾಠ ಬೇಡ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಒದಗಿಸಲು ರಾಜ್ಯ ಪ್ರಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಮಾತಿನ ತರಬೇತಿ ಬೇಕಾದ ಮಗುವಿಗೆ ಈ ಸೌಕರ್ಯ ಉಳಿದವರಿಗಿಂತ ಹೆಚ್ಚು ಅಗತ್ಯ. ಆದ್ದರಿಂದ ಪ್ರತಿ ತಪಾಸಣೆಗೂ ನೀವು ಜೊತೆಯಲ್ಲೇ ಇರಿ. ಮನೆಯಲ್ಲಿ ಅವಳು ಬಳಸುವ ಮಾತುಗಳನ್ನು, ತುಳುವಾದರೆ ತುಳುವಿನಲ್ಲೇ, ಒಂದು ಪುಸ್ತಕದಲ್ಲಿ ಬರೆದಿಟ್ಟು ತಜ್ಞರಿಗೆ ತೋರಿಸಿ. ಕನ್ನಡ ಬಲ್ಲವರು ಬೇಕೆಂದು ಬರಹದಲ್ಲಿ ಕೇಳಿ.

ಬಡ್ಸ್ ಶಾಲೆಯನ್ನು ಕಡಿಮೆಯೆಂದು ಎಣಿಸಬೇಡಿ. 1970ರ ದಶಕದ ಕೊನೆಯಿಂದ 2000ದವರೆಗೆ ನಮ್ಮ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಪಂಚಾಯತುಗಳಲ್ಲಿ ನಿಮ್ಮ ಎಣ್ಮಕಜೆಯೂ ಒಂದು. ಹಾಸಿಗೆ ಬಿಟ್ಟೇಳಲಾಗದ ಮಕ್ಕಳನ್ನು ಹಗಲಿರುಳು ನೋಡಿಕೊಳ್ಳುವ ತಾಯಂದಿರಿಗೆ ಪಂಚಾಯತಿನ ಬಡ್ಸ್ ಶಾಲೆಗಳು ಕೊಟ್ಟ ಉಸಿರು ಸಣ್ಣದಲ್ಲ. ಆರೈಕೆ ಮಾಡುವವರನ್ನು ಮರೆತು ಒಳಗೊಳ್ಳುವ ಮಾತಾಡುವುದರಲ್ಲಿ ಅರ್ಥವಿಲ್ಲ. ಆದರೆ ನೀವು ಬರೆದ ಪ್ರಕಾರ ನಿಮ್ಮ ಮಗಳು ಎಲ್ಲವನ್ನೂ ಅರ್ಥಮಾಡಿಕೊಳ್ಳುವವಳು. ನನ್ನ ಅಭಿಪ್ರಾಯದಲ್ಲಿ ಅವಳ ಜಾಗ ಆ ಕನ್ನಡ ಶಾಲೆಯೇ. ಮತ್ತೆ ಅಲ್ಲಿಗೆ ಹೋದಾಗ ಇಷ್ಟು ಕೇಳಿ: ಅವಳು ಉತ್ತರ ಹೇಳುವುದು ಹೇಗೆ, ಬಾಯಿಯಿಂದಲೋ ಚಿತ್ರ ತೋರಿಸಿಯೋ? ಶೌಚಾಲಯಕ್ಕೆ ಯಾರ ಜೊತೆ ಹೋಗುತ್ತಾಳೆ? ಇಂಥ ಮಕ್ಕಳ ಕಲಿಕೆಗೆ ನೆರವಾಗುವ ಸಂಪನ್ಮೂಲ ಶಿಕ್ಷಕಿ ವಾರದಲ್ಲಿ ಯಾವ ದಿನ ಬರುತ್ತಾರೆ?

ಪ್ರಶ್ನೆ: ನನ್ನ ಮೂರನೇ ತರಗತಿಯ 34 ಮಕ್ಕಳಲ್ಲಿ ಒಬ್ಬನಿಗೆ ಆಟಿಸಂ ಇದೆ. ಗದ್ದಲವಾದರೆ ಕಿವಿ ಮುಚ್ಚಿ ಕೂಗುತ್ತಾನೆ. ಉಳಿದವರ ಪಾಠ ಹಾಳಾಗುತ್ತಿದೆಯೆಂದು ಹೆತ್ತವರು ದೂರುತ್ತಾರೆ. ಅವರ ಮಾತಿನಲ್ಲೂ ನ್ಯಾಯವಿಲ್ಲವೇ?
– ಶಿಕ್ಷಕಿ, ಬದಿಯಡ್ಕ

ಉತ್ತರ: ಇದೆ. ಅದನ್ನು ಒಪ್ಪಿಕೊಳ್ಳದೆ ಮುಂದೆ ಹೋಗಲಾಗದು. 1995ರ ಅಂಗವಿಕಲರ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯಗಳಷ್ಟೇ ಇದ್ದವು, ಆಟಿಸಂ ಅವುಗಳಲ್ಲಿರಲಿಲ್ಲ. 2016ರ ಕಾಯ್ದೆ ಪಟ್ಟಿಯನ್ನು 21ಕ್ಕೆ ಏರಿಸಿ ಅದನ್ನೂ ಸೇರಿಸಿತು. ಆದರೆ ಪಟ್ಟಿ ಬೆಳೆದ ಮಾತ್ರಕ್ಕೆ ಶಿಕ್ಷಕಿಯ ಕೈಗಳು ಎರಡರಿಂದ ನಾಲ್ಕಾಗುವುದಿಲ್ಲ. ಬಿ.ಆರ್.ಸಿ.ಯಿಂದ (ಬ್ಲಾಕ್ ಸಂಪನ್ಮೂಲ ಕೇಂದ್ರದಿಂದ) ಸಂಪನ್ಮೂಲ ಶಿಕ್ಷಕರ ನೆರವನ್ನು ಪಟ್ಟುಹಿಡಿದು ಕೇಳುವುದು ನಿಮ್ಮ ದೌರ್ಬಲ್ಯವಲ್ಲ.

ಈ ನಡುವೆ ಒಂದು ಕೆಲಸ ಮಾಡಿ ನೋಡಿ. ಬೆಳಗ್ಗೆಯೇ ಆ ದಿನದ ಕ್ರಮವನ್ನು, ಪ್ರಾರ್ಥನೆ, ಗಣಿತ, ಊಟ, ಆಟ ಎಂದು, ಚಿತ್ರಗಳಲ್ಲಿ ಬರೆದು ಕರಿಹಲಗೆಯ ಮೂಲೆಯಲ್ಲಿ ಅಂಟಿಸಿ, ಒಂದೊಂದು ಮುಗಿದಂತೆ ಅವನ ಕೈಯಿಂದಲೇ ತೆಗೆಸಿ. ಮುಂದೇನೆಂದು ತಿಳಿಯದ ದಿಗಿಲೇ ಇಂಥ ಮಕ್ಕಳನ್ನು ಎಷ್ಟೋ ಸಲ ಕೂಗಿಸುತ್ತದೆ. ಗಂಟೆ ಬಾರಿಸುವ ಮೊದಲು ಅವನಿಗೆ ಹೇಳಿ. ಗದ್ದಲ ಏರಿದಾಗ ಹೋಗಿ ಕೂರಲು ಒಂದು ಮೂಲೆಯಲ್ಲಿ ಚಾಪೆ ಹಾಸಿಡಿ, ಅದು ಶಿಕ್ಷೆಯ ಮೂಲೆಯಾಗದಿರಲಿ. ಆ ಚಿತ್ರಪಟ್ಟಿ ಅವನೊಬ್ಬನಿಗೇ ಉಪಯೋಗವಾಗುವುದಿಲ್ಲ. ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಮನೆಮಾತಿನ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತು ಕನ್ನಡ ಕಲಿಯುವ ಈ ಸಪ್ತಭಾಷೆಗಳ ನಾಡಿನಲ್ಲಿ, ಹೇಳಿದ್ದು ಅರ್ಧ ಮಾತ್ರ ತಿಳಿದು ಸುಮ್ಮನಿರುವ ಮಕ್ಕಳು ಪ್ರತಿ ತರಗತಿಯಲ್ಲಿದ್ದಾರೆ. ಅವರೂ ಆ ಪಟ್ಟಿಯನ್ನು ನೋಡಿ ನಡೆಯುತ್ತಾರೆ. ದೂರಿದ ಹೆತ್ತವರನ್ನು ಒಂದು ದಿನ ಕರೆದು ಅದನ್ನು ತೋರಿಸಿ.

ಪ್ರಶ್ನೆ: ನಮ್ಮ ಸಣ್ಣ ಮುದ್ರಣಾಲಯದಲ್ಲಿ ಕಿವಿ ಕೇಳಿಸದ ಯುವಕನೊಬ್ಬ ಬೈಂಡಿಂಗ್ ಕೆಲಸಕ್ಕಿದ್ದಾನೆ. ಕೆಲಸ ಅಚ್ಚುಕಟ್ಟು, ಆದರೆ ಯಾರೊಡನೆಯೂ ಬೆರೆಯುವುದಿಲ್ಲ. ಏನು ಮಾಡಲಿ?
– ಮುದ್ರಕರು, ಹೊಸಂಗಡಿ

ಉತ್ತರ: ಅವನು ಬೆರೆಯುತ್ತಿಲ್ಲವೋ, ಬೆರೆಯುವ ದಾರಿ ಅವನಿಗಿಲ್ಲವೋ ಎಂದು ಮೊದಲು ನೋಡಿ. ನಾಳೆ ರಜೆಯೆಂಬುದು, ಆರ್ಡರು ತುರ್ತೆಂಬುದು, ಯಾರ ಮನೆಯಲ್ಲಿ ಮದುವೆಯೆಂಬುದು ನಿಮ್ಮಲ್ಲಿ ಚಾ ಕುಡಿಯುವ ಹೊತ್ತಿನಲ್ಲೇ ನಿರ್ಧಾರವಾಗುತ್ತಿರಬೇಕು; ಅವನಿಗೆ ಅದು ಮರುದಿನ ತಿಳಿಯುತ್ತದೆ. ಗೋಡೆಗೆ ಒಂದು ಹಲಗೆ ಹಾಕಿ ಎಲ್ಲರಿಗೂ ಹೇಳುವುದನ್ನು ಅದರಲ್ಲಿ ಬರೆಯಿರಿ, ವಾಟ್ಸಾಪಿನಲ್ಲೂ ಹಾಕಿ. ಮಾತಾಡುವಾಗ ಮುಖ ಅವನ ಕಡೆಗಿರಲಿ. ನಿತ್ಯ ಬೇಕಾಗುವ ಹತ್ತಿಪ್ಪತ್ತು ಸನ್ನೆಗಳನ್ನು ಅವನಿಂದಲೇ ಎಲ್ಲರೂ ಕಲಿಯಲಿ. ಆಗ ಆ ಹೊತ್ತಿಗೆ ಅವನೇ ಮೇಷ್ಟ್ರು. ಸಂಬಳವನ್ನು ನೀವು ಬರೆದಿಲ್ಲ, ಆದರೂ ಹೇಳುತ್ತೇನೆ: ಅದೇ ಕೆಲಸ ಮಾಡುವ ಇತರರಿಗಿಂತ ಒಂದು ರೂಪಾಯಿಯೂ ಕಡಿಮೆ ಇರಬಾರದು. ಮತ್ತು ಅವನ ಮೇಜನ್ನು ಬಾಗಿಲಿಗೆ ಎದುರಾಗಿ ತಿರುಗಿಸಿಡಿ. ಹಿಂದಿನಿಂದ ಬಂದು ಭುಜ ಮುಟ್ಟಿದಾಗಲೆಲ್ಲ ಅವನು ಬೆಚ್ಚುತ್ತಿರಬಹುದು.